ಕೋಳಿ ಸಾಕಿದವ, ಟ್ರ್ಯಾಕ್ಟರ್ ಮಾಡಿದವ ಮತ್ತು ಫೆರಾರಿ: ಅಮೆರಿಕದ ಕಾರಿಗೂ ಯುರೋಪಿನ ಕಾರಿಗೂ ನಡೆದ ಜಿದ್ದಿನ ಕತೆ

ಫೋನಿನಲ್ಲಿ ರೀಲ್ಸ್ ನೋಡುವವರಿಗೆ ಈ ದೃಶ್ಯ ಹೊಸದಲ್ಲ. ಒಂದು ಕಡೆ ಗುಡುಗುಡು ಅನ್ನುವ ಅಮೆರಿಕದ ಮಸ್ಟಾಂಗ್, ಇನ್ನೊಂದು ಕಡೆ ಕಿರುಚುವ ಇಟಲಿಯ ಲ್ಯಾಂಬೋರ್ಗಿನಿ. ಹಸಿರು ದೀಪ ಹತ್ತುತ್ತದೆ, ಹತ್ತು ಹನ್ನೆರಡು ಸೆಕೆಂಡಿನಲ್ಲಿ ರೇಸ್ ಮುಗಿಯುತ್ತದೆ. ಯಾವ ಕಾರು ದೊಡ್ಡದು ಅನ್ನುವ ವಾದ ಮಾತ್ರ ಮುಗಿಯುವುದಿಲ್ಲ.

ಈ ವಾದಕ್ಕೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅದರಲ್ಲಿ ದೊಡ್ಡ ಕಂಪನಿ ಮಾಲೀಕರಷ್ಟೇ ಅಲ್ಲ, ದ್ರಾಕ್ಷಿ ಬೆಳೆಯುವವರ ಮಗ ಇದ್ದಾನೆ, ಕೋಳಿ ಸಾಕಿ ಕೈ ಸುಟ್ಟುಕೊಂಡವನಿದ್ದಾನೆ, ಗೆಲ್ಲುವ ಹೊತ್ತಿಗೆ ಗೆಲುವು ಕಳೆದುಕೊಂಡ ಒಬ್ಬ ಮೆಕ್ಯಾನಿಕ್ ಕೂಡ ಇದ್ದಾನೆ. ಯಾವ ದೇಶದ ಕಾರು ಮೇಲು ಅನ್ನುವುದಕ್ಕಿಂತ, ಎರಡು ಕಡೆಯ ಕಾರುಗಳು ಯಾಕೆ ಬೇರೆ ಬೇರೆ ಆದವು, ಆ ಪೈಪೋಟಿಗೆ ಬೆಲೆ ತೆತ್ತವರು ಯಾರು ಅನ್ನುವುದು ನಮಗೆ ಹೆಚ್ಚು ಮುಖ್ಯ ಅನಿಸುತ್ತದೆ. ಅದನ್ನೇ ಇಲ್ಲಿ ಹೇಳುತ್ತೇವೆ.

ಪೆಟ್ರೋಲ್ ಅಗ್ಗ, ರಸ್ತೆ ನೇರ

ಮೊದಲು ಎಂಜಿನ್ ವಿಚಾರ. ಎರಡನೇ ಮಹಾಯುದ್ಧ ಮುಗಿದಾಗ ಇಟಲಿ ಸೋತು ಬಡವಾಗಿತ್ತು. ಪೆಟ್ರೋಲ್ ದುಬಾರಿ. ಎಂಜಿನ್ ದೊಡ್ಡದಾದಷ್ಟೂ ಕಾರಿನ ಮೇಲೆ ತೆರಿಗೆ ಹೆಚ್ಚು. ರಸ್ತೆಗಳು ಕಿರಿದು, ಬೆಟ್ಟದ ತಿರುವುಗಳು ಬೇರೆ. ಅಲ್ಲಿನ ಎಂಜಿನಿಯರುಗಳು ಚಿಕ್ಕ ಎಂಜಿನ್ನಿನಿಂದಲೇ ಹೆಚ್ಚು ಶಕ್ತಿ ತೆಗೆಯುವ ದಾರಿ ಹುಡುಕಬೇಕಾಯಿತು. 1947ರಲ್ಲಿ ಎಂಜೋ ಫೆರಾರಿ ತನ್ನ ಹೆಸರಿನಲ್ಲಿ ಹೊರತಂದ ಮೊದಲ ಕಾರಿಗೆ ಇದ್ದದ್ದು ಬರೀ ಒಂದೂವರೆ ಲೀಟರ್ ಎಂಜಿನ್. ಆದರೆ ಅದರಲ್ಲಿ 12 ಸಿಲಿಂಡರ್! ಒಂದೊಂದು ಸಿಲಿಂಡರ್ 125 ಸಿಸಿ. ನಮ್ಮ ಊರಿನ ಬೈಕಿನ ಎಂಜಿನ್ನುಗಳನ್ನು ಹನ್ನೆರಡು ಜೋಡಿಸಿದ ಹಾಗೆ. ಆ ಕಾರಿನ ಹೆಸರೂ 125 ಎಸ್.

ಅಮೆರಿಕದಲ್ಲಿ ಎಲ್ಲ ಉಲ್ಟಾ. ಪೆಟ್ರೋಲ್ ಅಗ್ಗ, ರಸ್ತೆ ಅಗಲ, ಕಣ್ಣು ಹಾಯುವವರೆಗೂ ನೇರ. ಅಲ್ಲಿ ಹೆಚ್ಚು ಶಕ್ತಿ ಬೇಕಾದರೆ ಎಂಜಿನ್ ದೊಡ್ಡದು ಮಾಡಿದರೆ ಆಯಿತು. ಐದು, ಆರು, ಏಳು ಲೀಟರಿನ ವಿ8 ಎಂಜಿನ್ನುಗಳು ಸಾಮಾನ್ಯ ಕಾರುಗಳಲ್ಲೇ ಬರುತ್ತಿದ್ದವು.

ಇದನ್ನು ನಮ್ಮ ಕಡೆಯ ಉದಾಹರಣೆಯಿಂದ ಹೇಳೋಣ. ಬುಲೆಟ್ 350 ಮತ್ತು ಹಳೆಯ ಕೆಟಿಎಂ ಡ್ಯೂಕ್ 390 ಪಕ್ಕಪಕ್ಕ ನಿಲ್ಲಿಸಿ. ಬುಲೆಟ್ ಸುಮಾರು 350 ಸಿಸಿ, ಡ್ಯೂಕ್ 373 ಸಿಸಿ. ಎಂಜಿನ್ ಗಾತ್ರದಲ್ಲಿ ಅಂಥ ವ್ಯತ್ಯಾಸ ಇಲ್ಲ. ಆದರೆ ಬುಲೆಟ್ ಕೊಡುವುದು ಸುಮಾರು 20 ಎಚ್‌ಪಿ, ಡ್ಯೂಕ್ ಕೊಡುವುದು ಸುಮಾರು 43. ಯಾಕೆಂದರೆ ಡ್ಯೂಕ್ ಎಂಜಿನ್ ಒಂದು ನಿಮಿಷಕ್ಕೆ ತಿರುಗುವ ಸುತ್ತು ಜಾಸ್ತಿ, ಒಳಗಿನ ವಾಲ್ವುಗಳು ಅಷ್ಟೇ ಚುರುಕು. ಬುಲೆಟ್ ನಿಧಾನವಾಗಿ ತಿರುಗಿದರೂ ಕೆಳಗಿನಿಂದಲೇ ಎಳೆಯುತ್ತದೆ, ಇಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಪದೇ ಪದೇ ಗೇರ್ ಬದಲಿಸುವ ಅಗತ್ಯ ಇಲ್ಲ.

ಅಮೆರಿಕದ ವಿ8 ಬುಲೆಟ್ ಜಾತಿಯದು. ವಾಲ್ವ್ ತೆರೆಯುವ ಕ್ಯಾಮ್ ಎಂಜಿನ್ನಿನ ಹೊಟ್ಟೆಯೊಳಗೆ ಇರುತ್ತದೆ, ಉದ್ದ ಸರಳುಗಳು ಮೇಲಿನ ವಾಲ್ವುಗಳನ್ನು ದೂಡುತ್ತವೆ. ಸರಳ, ಗಟ್ಟಿ, ಅಗ್ಗ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಹುದು. ಫೆರಾರಿಯಲ್ಲಿ ಕ್ಯಾಮ್ ನೇರವಾಗಿ ವಾಲ್ವುಗಳ ತಲೆಯ ಮೇಲೇ ಕೂತಿರುತ್ತದೆ. ಚುರುಕು ಹೆಚ್ಚು, ಖರ್ಚೂ ಹೆಚ್ಚು, ಕೆಟ್ಟರೆ ಕೈಯಾಡಿಸಲು ನುರಿತವನೇ ಬೇಕು.

ಇದರಲ್ಲಿ ಒಬ್ಬರು ಜಾಣರು, ಇನ್ನೊಬ್ಬರು ದಡ್ಡರು ಅನ್ನುವ ಪ್ರಶ್ನೆ ಇಲ್ಲ. ನೆಲಕ್ಕೆ ತಕ್ಕ ಬೆಳೆ ಇದ್ದ ಹಾಗೆ, ಅವರವರ ರಸ್ತೆಗೆ, ಜೇಬಿಗೆ ತಕ್ಕ ಎಂಜಿನ್.

ಹೊಲದಿಂದ ಬಂದವರು

ಸೂಪರ್ ಕಾರು ಅಂದರೆ ಶ್ರೀಮಂತರ ಆಟಿಕೆ. ಮಾಡಿದವರು ಮಾತ್ರ ಎಲ್ಲರೂ ಶ್ರೀಮಂತರಾಗಿ ಹುಟ್ಟಿದವರಲ್ಲ.

ಫೆರುಚ್ಚೊ ಲ್ಯಾಂಬೋರ್ಗಿನಿ 1916ರಲ್ಲಿ ಇಟಲಿಯ ರೆನಾಜೊ ಎಂಬ ಹಳ್ಳಿಯಲ್ಲಿ ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಹುಟ್ಟಿದ. ಯುದ್ಧದಲ್ಲಿ ವಾಹನ ರಿಪೇರಿ ಮಾಡುವ ಮೆಕ್ಯಾನಿಕ್ ಆಗಿದ್ದ. ಯುದ್ಧ ಮುಗಿದ ಮೇಲೆ ಸೈನ್ಯದವರು ಬಿಟ್ಟುಹೋದ ಹಳೇ ವಾಹನಗಳ ಭಾಗಗಳನ್ನು ತಂದು ರೈತರಿಗೆ ಟ್ರ್ಯಾಕ್ಟರ್ ಮಾಡಿಕೊಡತೊಡಗಿದ. 1948ರಲ್ಲಿ ಟ್ರ್ಯಾಕ್ಟರ್ ಕಂಪನಿಯೇ ಆಯಿತು. ಅದರಲ್ಲಿ ದುಡಿದ ಹಣದಿಂದ ಫೆರಾರಿ ಕಾರು ಕೊಂಡ. ಅದರ ಕ್ಲಚ್ ಪದೇ ಪದೇ ಕೆಡುತ್ತಿತ್ತು, ದೂರು ಹೇಳಲು ಹೋದಾಗ ಎಂಜೋ ಫೆರಾರಿ ತನ್ನನ್ನು ಟ್ರ್ಯಾಕ್ಟರ್ ಓಡಿಸುವವನೆಂದು ಹೀಯಾಳಿಸಿದ ಅಂತ ಲ್ಯಾಂಬೋರ್ಗಿನಿಯೇ ಮುಂದೆ ಹೇಳಿಕೊಂಡಿದ್ದಾನೆ. 1963ರಲ್ಲಿ ಸಾಂತ್ ಅಗಾಟಾ ಎಂಬ ಊರಿನಲ್ಲಿ ಅವನದೇ ಕಾರಿನ ಕಾರ್ಖಾನೆ ಶುರುವಾಯಿತು.

ಅಮೆರಿಕದ ಫೋರ್ಡ್ ಕಂಪನಿಯನ್ನು ಕಟ್ಟಿದ ಹೆನ್ರಿ ಫೋರ್ಡ್ ಕೂಡ ಮಿಷಿಗನ್ ರಾಜ್ಯದ ರೈತನ ಮಗ. ಅವನೂ ಟ್ರ್ಯಾಕ್ಟರ್ ಮಾಡಿದವನೇ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಎಷ್ಟೋ ದೇಶಗಳ ಹೊಲಕ್ಕೆ ಇಳಿಯಿತು. ಫೋರ್ಡ್ 3600 ಓಡಿಸಿದ ಹಿರಿಯರು ನಮ್ಮ ಹಳ್ಳಿಗಳಲ್ಲೂ ಇದ್ದಾರೆ.

ಮೂರನೆಯವನು ಕ್ಯಾರಲ್ ಶೆಲ್ಬಿ, ಟೆಕ್ಸಸ್‌ನವನು. ಯುದ್ಧದ ನಂತರ ಕೋಳಿ ಸಾಕಣೆ ಮಾಡಿದ. ರೋಗ ಬಂದು ಕೋಳಿಗಳೆಲ್ಲ ಸತ್ತು ವ್ಯಾಪಾರ ಮುಳುಗಿತು. ಆಮೇಲೆ ರೇಸಿಗೆ ಇಳಿದ. ಕೋಳಿ ಫಾರಂನಲ್ಲಿ ಹಾಕುವ ಪಟ್ಟೆ ಪಟ್ಟೆ ಡಂಗರಿ ತೊಟ್ಟೇ ರೇಸ್ ಓಡಿಸುತ್ತಿದ್ದ. 1959ರಲ್ಲಿ ಫ್ರಾನ್ಸಿನ ಲ್ ಮಾನ್ಸ್ ರೇಸನ್ನು ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಜೊತೆಗಾರನೊಂದಿಗೆ ಗೆದ್ದ. ಹೃದಯದ ಕಾಯಿಲೆಯಿಂದಾಗಿ 1960ರಲ್ಲಿ ರೇಸ್ ಬಿಡಬೇಕಾಯಿತು. ಓಡಿಸಲು ಆಗದಿದ್ದರೇನು, ಕಾರು ಮಾಡಬಹುದಲ್ಲ? 1962ರಲ್ಲಿ ಬ್ರಿಟನ್ನಿನ ಎಸಿ ಕಂಪನಿಯ ಹಗುರ ಕಾರಿನೊಳಗೆ ಫೋರ್ಡಿನ ವಿ8 ಎಂಜಿನ್ ಕೂರಿಸಿದ. ಅದೇ ಕೋಬ್ರಾ.

ಯುರೋಪಿನ ಮೈ, ಅಮೆರಿಕದ ಎದೆ. ಈ ಬೆರಕೆ ಮುಂದಿನ ಕತೆಗೆಲ್ಲ ಕಾರಣ.

ಮುರಿದುಬಿದ್ದ ವ್ಯಾಪಾರ

ಲ್ ಮಾನ್ಸ್ ಅಂದರೆ 24 ಗಂಟೆಯ ರೇಸ್. ಆಗ ಒಂದು ಸುತ್ತು ಸುಮಾರು 13 ಕಿಲೋಮೀಟರಿಗೂ ಹೆಚ್ಚು. ಹೆಚ್ಚಿನ ಭಾಗ ಊರಿನವರು ದಿನಾ ಓಡಾಡುವ ರಸ್ತೆಯೇ. ಹಗಲು, ರಾತ್ರಿ, ಮಳೆ, ಮಂಜು ಎಲ್ಲದರಲ್ಲೂ ಓಡಬೇಕು. ಒಂದು ಕಾರಿಗೆ ಇಬ್ಬರು ಚಾಲಕರು ಸರದಿ ಪ್ರಕಾರ ಕೂರುತ್ತಿದ್ದರು. ಅಲ್ಲಿ ಗೆದ್ದರೆ ಕಾರು ವೇಗದ್ದಷ್ಟೇ ಅಲ್ಲ, ಬಾಳಿಕೆ ಬರುವಂಥದ್ದು ಅಂತ ಜಗತ್ತು ಒಪ್ಪುತ್ತಿತ್ತು. 1960ರಿಂದ 1965ರವರೆಗೆ ಸತತ ಆರು ವರ್ಷ ಅಲ್ಲಿ ಗೆದ್ದದ್ದು ಫೆರಾರಿ.

ಎಂಜೋ ಫೆರಾರಿಗೆ ರೇಸೇ ಪ್ರಾಣ. ಊರಿನಲ್ಲಿ ಓಡಿಸುವ ಕಾರು ಮಾರುತ್ತಿದ್ದದ್ದೇ ರೇಸಿನ ಖರ್ಚಿಗೆ. ಆದರೆ ಖರ್ಚು ಬೆಳೆಯುತ್ತಾ ಹೋಯಿತು. 1963ರಲ್ಲಿ ಫೋರ್ಡ್ ಕಂಪನಿ ಫೆರಾರಿಯನ್ನೇ ಕೊಳ್ಳಲು ಮುಂದೆ ಬಂತು. ಮಾತುಕತೆ ಕೊನೆಯ ಹಂತಕ್ಕೆ ಬಂದಾಗ ರೇಸ್ ವಿಭಾಗದ ಹಣ, ಹಿಡಿತ ಯಾರ ಕೈಯಲ್ಲಿ ಅನ್ನುವಲ್ಲಿ ಎಂಜೋ ತಿರುಗಿಬಿದ್ದ. ವ್ಯಾಪಾರ ಮುರಿಯಿತು. ಹಳೇ ಹೆನ್ರಿ ಫೋರ್ಡನ ಮೊಮ್ಮಗ, ಎರಡನೇ ಹೆನ್ರಿ ಫೋರ್ಡ್ ಆಗ ಕಂಪನಿಯ ಯಜಮಾನ. ಕೊಳ್ಳಲು ಆಗದಿದ್ದರೆ ಲ್ ಮಾನ್ಸ್‌ನಲ್ಲೇ ಸೋಲಿಸೋಣ ಎಂದು ಹಟ ಹಿಡಿದ.

ಆದರೆ ಅಂಥ ಕಾರು ಮಾಡುವ ಅನುಭವ ಫೋರ್ಡಿಗೆ ಇರಲಿಲ್ಲ. ಹಾಗಾಗಿ ಬ್ರಿಟನ್ನಿನ ಲೋಲಾ ಕಂಪನಿಯ ಎರಿಕ್ ಬ್ರಾಡ್ಲಿಯ ನೆರವು ಪಡೆದು, ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ ಕಾರು ಕಟ್ಟಿತು. ಎತ್ತರ ಬರೀ 40 ಇಂಚು. ನಿಂತ ಎಮ್ಮೆಯ ಬೆನ್ನಿಗಿಂತಲೂ ಕೆಳಗೆ. ಅದಕ್ಕೇ ಜಿಟಿ40 ಅನ್ನುವ ಹೆಸರು.

1964ರಲ್ಲಿ ಲ್ ಮಾನ್ಸ್‌ಗೆ ಹೋದ ಮೂರೂ ಜಿಟಿ40 ಅರ್ಧಕ್ಕೆ ನಿಂತವು. ಅದೇ ರೇಸಿನಲ್ಲಿ ಶೆಲ್ಬಿಯ ಕೋಬ್ರಾ ಡೇಟೋನಾ ಕೂಪೆ ಮಾತ್ರ ಒಟ್ಟಾರೆ ನಾಲ್ಕನೇ ಸ್ಥಾನಕ್ಕೆ ಬಂದು, ಜಿಟಿ ವಿಭಾಗದಲ್ಲಿ ಫೆರಾರಿಗಳನ್ನು ಹಿಂದೆ ಹಾಕಿತು. ಕೋಟಿ ಸುರಿದ ಕಂಪನಿಗಿಂತ ಕೋಳಿ ಸಾಕಿದವನ ಶೆಡ್ಡಿನಿಂದ ಬಂದ ಕಾರು ಬಾಳಿತು. ಫೋರ್ಡ್ ತನ್ನ ರೇಸ್ ಕೆಲಸವನ್ನು ಶೆಲ್ಬಿಗೆ ವಹಿಸಿತು.

1965ರಲ್ಲೂ ಫೋರ್ಡ್ ಜಿಟಿಗಳು ಒಂದೂ ಮುಗಿಸಲಿಲ್ಲ. ಗೆದ್ದದ್ದು ಫೆರಾರಿ 250 ಎಲ್‌ಎಂ. ಸ್ವಾರಸ್ಯ ಏನೆಂದರೆ ಆ ಫೆರಾರಿಯನ್ನು ಓಡಿಸಿದ ತಂಡ ಅಮೆರಿಕದ್ದು. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಫೆರಾರಿ ಮಾರುತ್ತಿದ್ದ ಲುಯಿಜಿ ಕಿನೆಟ್ಟಿಯ ತಂಡ ಅದು. ಇಬ್ಬರು ಚಾಲಕರಲ್ಲಿ ಒಬ್ಬ ಅಮೆರಿಕದವನು. ಈ ಜಿದ್ದನ್ನು ಎರಡು ದೇಶಗಳ ಯುದ್ಧ ಅಂತ ನೋಡಿದರೆ ಪೂರ್ತಿ ಸರಿಯಾಗುವುದಿಲ್ಲ.

1966: ಏಳು ಲೀಟರ್, ನಾಲ್ಕು ಲೀಟರ್

ಮುಂದಿನ ವರ್ಷ ಫೋರ್ಡ್ ತಂದದ್ದು ಮಾರ್ಕ್ 2. ಏಳು ಲೀಟರಿನ ವಿ8, ಸುಮಾರು 485 ಎಚ್‌ಪಿ. ಎದುರಿಗೆ ಫೆರಾರಿ 330 ಪಿ3, ನಾಲ್ಕು ಲೀಟರಿನ ವಿ12, ಸುಮಾರು 420 ಎಚ್‌ಪಿ. ಲೆಕ್ಕ ಹಾಕಿ ನೋಡಿ. ಒಂದು ಲೀಟರಿಗೆ ಫೆರಾರಿ 105 ಎಚ್‌ಪಿ ತೆಗೆದಿತ್ತು, ಫೋರ್ಡ್ 70ರಷ್ಟೂ ತೆಗೆದಿರಲಿಲ್ಲ. ಕಸುಬುಗಾರಿಕೆಯಲ್ಲಿ ಫೆರಾರಿ ಮುಂದೆ. ಆದರೆ 24 ಗಂಟೆ ಓಡುವಾಗ ದೊಡ್ಡ ಎಂಜಿನ್ನಿಗೆ ಒಂದು ಅನುಕೂಲ ಇದೆ. ಅದು ಮೈ ಹಿಂಡಿಕೊಳ್ಳದೆ ದುಡಿಯುತ್ತದೆ. ದೊಡ್ಡ ಟ್ರ್ಯಾಕ್ಟರ್ ಅರ್ಧ ದಮ್ಮಿನಲ್ಲಿ ಎಳೆಯುವ ಲೋಡನ್ನು ಚಿಕ್ಕದು ಪೂರ್ತಿ ದಮ್ಮು ಕಟ್ಟಿ ಎಳೆಯಬೇಕಲ್ಲ, ಹಾಗೆ.

ಆದರೆ ದೊಡ್ಡ ಎಂಜಿನ್ ಅಂದರೆ ಭಾರವೂ ಹೆಚ್ಚು. ಲ್ ಮಾನ್ಸ್‌ನ ಸುಮಾರು ಆರು ಕಿಲೋಮೀಟರಿನ ನೇರ ರಸ್ತೆಯಲ್ಲಿ ಗಂಟೆಗೆ 300 ಕಿಲೋಮೀಟರಿಗೂ ಮೀರಿ ಓಡಿ, ತುದಿಯಲ್ಲಿ ಬಿಗಿ ತಿರುವಿಗೆ ಬ್ರೇಕ್ ಒತ್ತಬೇಕು. ಡಿಸ್ಕುಗಳು ಕೆಂಡದಂತೆ ಕಾದು ಬಿರುಕು ಬಿಡುತ್ತಿದ್ದವು. ಶೆಲ್ಬಿ ತಂಡದ ಫಿಲ್ ರೆಮಿಂಗ್ಟನ್ ರೇಸಿನ ನಡುವೆಯೇ ಬೇಗ ಡಿಸ್ಕ್ ಬದಲಿಸುವ ಉಪಾಯ ಮಾಡಿದ. ಫೋರ್ಡ್ ಎಂಜಿನಿಯರುಗಳು ಲ್ ಮಾನ್ಸ್ ಸುತ್ತಿನ ಏರಿಳಿತವನ್ನೆಲ್ಲ ಅನುಕರಿಸುವ ಯಂತ್ರಕ್ಕೆ ಎಂಜಿನ್ ಕಟ್ಟಿ, ಕೋಣೆಯೊಳಗೇ ದಿನಗಟ್ಟಲೆ ಓಡಿಸಿ ಪರೀಕ್ಷೆ ಮಾಡಿದರು. ಈ ಪರೀಕ್ಷೆಗೆ ಬೇಕಾದ ಹಣ ಫೆರಾರಿ ಹತ್ತಿರ ಇರಲಿಲ್ಲ.

ಈ ಕೆಲಸದ ಬೆನ್ನೆಲುಬು ಕೆನ್ ಮೈಲ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿ, ಯುದ್ಧದಲ್ಲಿ ಟ್ಯಾಂಕ್ ದಳದಲ್ಲಿ ದುಡಿದು, ಅಮೆರಿಕಕ್ಕೆ ಬಂದವನು. ಚಾಲಕನೂ ಹೌದು, ಮೆಕ್ಯಾನಿಕ್ಕೂ ಹೌದು. ಕಾರು ಓಡಿಸಿ ಬಂದು ಎಲ್ಲಿ ಏನು ಸರಿಯಿಲ್ಲ ಅಂತ ಕರಾರುವಾಕ್ಕಾಗಿ ಹೇಳುತ್ತಿದ್ದ. ಜಿಟಿ40 ಬಾಳಿಕೆ ಬರುವಂತೆ ಮಾಡಿದವರಲ್ಲಿ ಅವನಿಗೇ ಮೊದಲ ಸ್ಥಾನ. 1966ರ ಆರಂಭದಲ್ಲಿ ಡೇಟೋನಾದ 24 ಗಂಟೆ ರೇಸನ್ನೂ ಸೆಬ್ರಿಂಗ್‌ನ 12 ಗಂಟೆ ರೇಸನ್ನೂ ಗೆದ್ದಿದ್ದ. ಲ್ ಮಾನ್ಸ್ ಕೂಡ ಗೆದ್ದಿದ್ದರೆ ಒಂದೇ ವರ್ಷ ಮೂರನ್ನೂ ಗೆದ್ದ ಹೆಸರು ಅವನದಾಗುತ್ತಿತ್ತು.

ಜೂನ್ 18, 19ರಂದು ರೇಸ್. ಫೋರ್ಡಿನ ಮಾರ್ಕ್ 2 ಎಂಟು. ಫೆರಾರಿಯ ಪಿ3 ಮೂರೇ ಮೂರು. ಇಟಲಿಯಲ್ಲಿ ಕಾರ್ಮಿಕರ ಮುಷ್ಕರದಿಂದ ಫೆರಾರಿಯ ತಯಾರಿ ಹಿಂದೆ ಬಿದ್ದಿತ್ತು. ಸಾಲದ್ದಕ್ಕೆ ಅವರ ಮುಖ್ಯ ಚಾಲಕ ಜಾನ್ ಸರ್ಟೀಸ್ ತಂಡದ ಮ್ಯಾನೇಜರ್ ಜೊತೆ ಜಗಳವಾಡಿ ರೇಸಿಗೆ ಮೊದಲೇ ಹೊರಟುಹೋದ. ಮೂರೂ ಪಿ3 ಅರ್ಧಕ್ಕೆ ನಿಂತವು. ಫೋರ್ಡಿನ ಎಂಟರಲ್ಲೂ ಐದು ನಿಂತವು. ಉಳಿದ ಮೂರು ಮೊದಲ ಮೂರು ಸ್ಥಾನ ಹಿಡಿದವು. ಗೆದ್ದ ಕಾರು ಓಡಿದ್ದು 360 ಸುತ್ತು, 4,800 ಕಿಲೋಮೀಟರಿಗೂ ಹೆಚ್ಚು. ಒಂದೇ ದಿನದಲ್ಲಿ ಬೀದರ್‌ನಿಂದ ಬೆಂಗಳೂರಿಗೆ ಹತ್ತಿರ ಹತ್ತಿರ ಮೂರೂವರೆ ಸಲ ಹೋಗಿ ಬಂದ ಹಾಗೆ.

ಕೊನೆಯ ಗಂಟೆಗಳಲ್ಲಿ ಕೆನ್ ಮೈಲ್ಸ್ ಮತ್ತು ಡೆನ್ನಿ ಹ್ಯೂಮ್ ಜೋಡಿಯ ಕಾರು ಮುಂದಿತ್ತು. ಹಿಂದೆ ಅದೇ ಫೋರ್ಡಿನ ಇನ್ನೊಂದು ಕಾರು, ನ್ಯೂಜಿಲೆಂಡಿನ ಬ್ರೂಸ್ ಮೆಕ್ಲಾರನ್ ಮತ್ತು ಕ್ರಿಸ್ ಏಮನ್ ಜೋಡಿಯದು. ಎರಡೂ ಕಾರು ಒಟ್ಟಿಗೆ ಗೆರೆ ದಾಟಿದರೆ ಫೋಟೋ ಚೆನ್ನಾಗಿ ಬರುತ್ತದೆ ಅಂತ ಕಂಪನಿಯವರು ತೀರ್ಮಾನಿಸಿದರು. ಮೈಲ್ಸ್ ಹೇಳಿದ ಹಾಗೆ ನಿಧಾನ ಮಾಡಿದ. ಆದರೆ ರೇಸ್ ಅಧಿಕಾರಿಗಳ ಲೆಕ್ಕವೇ ಬೇರೆ. ಮೆಕ್ಲಾರನ್ ಕಾರು ಆರಂಭದಲ್ಲಿ ಮೈಲ್ಸ್ ಕಾರಿಗಿಂತ ಕೆಲವು ಮೀಟರ್ ಹಿಂದೆ ನಿಂತಿತ್ತು, ಆದ್ದರಿಂದ ಅಷ್ಟು ದೂರ ಹೆಚ್ಚು ಓಡಿದೆ, ಗೆಲುವು ಅದಕ್ಕೇ ಎಂದರು. ಮೈಲ್ಸ್ ಎರಡನೇ ಸ್ಥಾನಕ್ಕೆ ಬಂದ.

ಪರೀಕ್ಷೆ ಮಾಡುವವರ ಪ್ರಾಣ

ಎರಡು ತಿಂಗಳು ಕಳೆಯಿತು. 1966ರ ಆಗಸ್ಟ್ 17ರಂದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಟ್ರ್ಯಾಕಿನಲ್ಲಿ ಮುಂದಿನ ವರ್ಷದ ಕಾರನ್ನು ಪರೀಕ್ಷೆ ಮಾಡುವಾಗ ಕಾರು ಹಿಡಿತ ತಪ್ಪಿ ಉರುಳಿ ಒಡೆಯಿತು. ಕೆನ್ ಮೈಲ್ಸ್ ಸತ್ತ. ಅದೇ ವರ್ಷ ಏಪ್ರಿಲ್‌ನಲ್ಲಿ ಲ್ ಮಾನ್ಸ್ ಪರೀಕ್ಷಾ ಓಟದಲ್ಲಿ ಫೋರ್ಡಿನ ಇನ್ನೊಬ್ಬ ಚಾಲಕ ವಾಲ್ಟ್ ಹ್ಯಾನ್ಸ್‌ಗನ್ ಅಪಘಾತಕ್ಕೆ ಸಿಕ್ಕಿ ಜೀವ ಬಿಟ್ಟಿದ್ದ. ಫೆರಾರಿ ಕಡೆಯಲ್ಲೂ ಇದೇ ಸಂಕಟ. 1966ರಲ್ಲಿ ಪಿ3 ಓಡಿಸಿದ್ದ ಲೊರೆಂಜೊ ಬಂಡೀನಿ ಮರುವರ್ಷ ಮೇ ತಿಂಗಳಲ್ಲಿ ಮೊನಾಕೊ ರೇಸಿನಲ್ಲಿ ಬೆಂಕಿಗೆ ಸಿಕ್ಕಿ, ಕೆಲವು ದಿನ ನರಳಿ ತೀರಿಕೊಂಡ.

ಮೈಲ್ಸ್ ಸಾವಿನಿಂದ ಫೋರ್ಡ್ ಒಂದು ಪಾಠ ಕಲಿಯಿತು. ಹೊಸ ಕಾರು ಮಾರ್ಕ್ 4ರ ಒಳಗೆ ಚಾಲಕನ ಸುತ್ತ ಗಟ್ಟಿ ಉಕ್ಕಿನ ಪಂಜರ ಕಟ್ಟಿದರು. 1967ರ ಲ್ ಮಾನ್ಸ್ ರಾತ್ರಿ ಮಾರಿಯೊ ಆಂಡ್ರೆಟ್ಟಿಯ ಮಾರ್ಕ್ 4 ಅಪಘಾತಕ್ಕೆ ಈಡಾಯಿತು. ಪಕ್ಕೆಲುಬು ಮುರಿದರೂ ಆಂಡ್ರೆಟ್ಟಿ ಬದುಕಿದ. ಹೆಲ್ಮೆಟ್, ಸೀಟ್‌ಬೆಲ್ಟ್ ಬಗ್ಗೆ ನಾವೆಲ್ಲ ಸದರದ ಮಾತಾಡುತ್ತೇವೆ. ಇಂಥ ಪ್ರತಿಯೊಂದು ಭದ್ರತೆಯ ಹಿಂದೆ ಯಾರದ್ದಾದರೂ ಜೀವ ಹೋದದ್ದಿದೆ.

1967ರಲ್ಲಿ ಫೆರಾರಿ ಅಮೆರಿಕದ ನೆಲದಲ್ಲೇ ಸೇಡು ತೀರಿಸಿಕೊಂಡಿತು. ಡೇಟೋನಾದಲ್ಲಿ ಮೊದಲ ಮೂರೂ ಸ್ಥಾನ ಹಿಡಿದು, ಮೂರು ಕಾರುಗಳನ್ನು ಒಟ್ಟೊಟ್ಟಿಗೆ ಗೆರೆ ದಾಟಿಸಿತು. ಜೂನ್‌ನಲ್ಲಿ ಲ್ ಮಾನ್ಸ್ ಗೆದ್ದದ್ದು ಮತ್ತೆ ಫೋರ್ಡ್. ಈ ಸಲ ಕಾರೂ ಅಮೆರಿಕದ್ದು, ತಂಡವೂ ಅಮೆರಿಕದ್ದು, ಡ್ಯಾನ್ ಗರ್ನಿ ಮತ್ತು ಎ.ಜೆ. ಫಾಯ್ಟ್ ಇಬ್ಬರೂ ಅಮೆರಿಕದವರು. ಆಮೇಲೆ ನಿಯಮವೇ ಬದಲಾಗಿ ಏಳು ಲೀಟರಿನ ಎಂಜಿನ್ನಿಗೆ ಅವಕಾಶ ಇಲ್ಲವಾಯಿತು. ಆದರೂ ಚಿಕ್ಕ ಎಂಜಿನ್ನಿನ ಜಿಟಿ40 ಇಂಗ್ಲೆಂಡಿನ ತಂಡದ ಕೈಯಲ್ಲಿ 1968, 1969ರಲ್ಲೂ ಗೆದ್ದಿತು. ಎರಡೂ ವರ್ಷ ಗೆದ್ದದ್ದು ಅದೇ ಒಂದು ಕಾರು. 1969ರಲ್ಲಿ ಫೆರಾರಿ ತನ್ನ ಅರ್ಧ ಪಾಲನ್ನು ಫಿಯೆಟ್ ಕಂಪನಿಗೆ ಮಾರಿತು. ಲ್ ಮಾನ್ಸ್‌ನಲ್ಲಿ ಒಟ್ಟಾರೆ ಮೊದಲ ಸ್ಥಾನಕ್ಕೆ ಫೆರಾರಿ ಮತ್ತೆ ಬಂದದ್ದು 2023ರಲ್ಲಿ, 58 ವರ್ಷದ ಮೇಲೆ.

ಊರಿನ ರಸ್ತೆಗೆ ಬಂದ ಕಾರುಗಳು

ರೇಸಿನ ಹೊರಗೆ ಎರಡು ದಾರಿ ಇನ್ನೂ ಸ್ಪಷ್ಟವಾಗಿ ಬೇರೆಯಾದವು. ಅಮೆರಿಕದವರು ಸಾಮಾನ್ಯ ಕಾರಿಗೆ ದೊಡ್ಡ ಎಂಜಿನ್ ಹಾಕಿ ಕಡಿಮೆ ಬೆಲೆಗೆ ಮಾರಿದರು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಹೆಸರನ್ನೇ ಫೆರಾರಿ 250 ಜಿಟಿಒದಿಂದ ಎತ್ತಿಕೊಂಡಿತ್ತು. ಫೆರಾರಿಯ ಆ ಕಾರು ಒಟ್ಟು ನಲವತ್ತೂ ತಯಾರಾಗಲಿಲ್ಲ. ಪಾಂಟಿಯಾಕ್ ಮೊದಲ ವರ್ಷವೇ 32 ಸಾವಿರ ದಾಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್ ಬೆಲೆ 2,368 ಡಾಲರಿನಿಂದ ಶುರು. ಒಂದು ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟ. ಕಾರ್ಖಾನೆ ಕೂಲಿಯವನೂ, ಶಾಲೆ ಮೇಷ್ಟರೂ ಕಂತು ಕಟ್ಟಿ ಕೊಳ್ಳಬಹುದಾದ ವೇಗ ಅದು.

ಟ್ರ್ಯಾಕ್ಟರ್ ಲ್ಯಾಂಬೋರ್ಗಿನಿ 1966ರಲ್ಲಿ ಮಿಯುರಾ ತಂದ. 12 ಸಿಲಿಂಡರ್ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂರಿಸಿದ ಕಾರು. ಮೊದಲ ಸೂಪರ್ ಕಾರು ಅಂತ ಬಹಳ ಜನ ಹೇಳುವುದು ಇದನ್ನೇ. ಸುಮಾರು ಏಳು ವರ್ಷದಲ್ಲಿ ತಯಾರಾದದ್ದು ಎಂಟುನೂರಕ್ಕೂ ಕಡಿಮೆ. ಬೆಲೆ ಎಷ್ಟೋ ಮಸ್ಟಾಂಗ್‌ಗಳಿಗೆ ಸಮ.

1973ರ ತೈಲ ಬಿಕ್ಕಟ್ಟು ಇಬ್ಬರನ್ನೂ ಬಡಿಯಿತು. ಹೊಗೆಯ ಕಾನೂನು ಬೇರೆ ಬಿಗಿಯಾಗಿತ್ತು. 1975ರ ಷೆವರ್ಲೆ ಕಾರ್ವೆಟ್‌ನ 5.7 ಲೀಟರ್ ಎಂಜಿನ್ ಕೊಡುತ್ತಿದ್ದದ್ದು ಬರೀ 165 ಎಚ್‌ಪಿ. ಲ್ಯಾಂಬೋರ್ಗಿನಿ ಟ್ರ್ಯಾಕ್ಟರ್ ಕಂಪನಿಯನ್ನೂ ಕಾರಿನ ಕಂಪನಿಯನ್ನೂ ಮಾರಿ, ತೋಟ ಕೊಂಡು, ದ್ರಾಕ್ಷಿ ಬೆಳೆಯಲು ಹೋದ.

ಈಗ ಎರಡೂ ಕಡೆಯವರು ಒಬ್ಬರ ದಾರಿ ಒಬ್ಬರು ತುಳಿಯುತ್ತಿದ್ದಾರೆ. 2019ರಲ್ಲಿ ತೋರಿಸಿದ ಹೊಸ ಕಾರ್ವೆಟ್ ಎಂಜಿನ್ನನ್ನು ಮಿಯುರಾದಂತೆ ಚಾಲಕನ ಬೆನ್ನ ಹಿಂದಕ್ಕೆ ತಂದಿತು. ಆದರೆ ಎಂಜಿನ್ ಹಳೇ ಪದ್ಧತಿಯ 6.2 ಲೀಟರ್ ವಿ8, ಆರಂಭದ ಬೆಲೆ 60 ಸಾವಿರ ಡಾಲರಿನ ಒಳಗೆ. ಅದೇ ಹೊತ್ತಿನ ಫೆರಾರಿ ಎಫ್8ಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಆಮೇಲೆ ಬಂದ ಕಾರ್ವೆಟ್ ಝಡ್06 ಫೆರಾರಿಯಂತೆ ನಿಮಿಷಕ್ಕೆ 8,600 ಸುತ್ತು ತಿರುಗಿ ಕಿರುಚುತ್ತದೆ. ಫೋರ್ಡ್ 2016ರಲ್ಲಿ ಲ್ ಮಾನ್ಸ್‌ಗೆ ಮರಳಿ ತನ್ನ ವಿಭಾಗದಲ್ಲಿ ಫೆರಾರಿಯನ್ನು ಹಿಂದೆ ಹಾಕಿದಾಗ ಓಡಿಸಿದ್ದು ಏಳು ಲೀಟರ್ ಅಲ್ಲ, ಮೂರೂವರೆ ಲೀಟರಿನ ಟರ್ಬೊ ಎಂಜಿನ್.

ಹಾಗಾದರೆ ಯಾವುದು ದೊಡ್ಡದು? ಒಂದು ಲೀಟರಿನಿಂದ ಎಷ್ಟು ತೆಗೆದರು ಅಂತ ಕೇಳಿದರೆ ಇಟಲಿ. ಒಂದು ಡಾಲರಿಗೆ ಎಷ್ಟು ಕೊಟ್ಟರು ಅಂತ ಕೇಳಿದರೆ ಅಮೆರಿಕ. ನಮ್ಮನ್ನು ಕೇಳಿದರೆ, 1966ರ ಆ ಗೆಲುವು ಏಳು ಲೀಟರಿನದೂ ಅಲ್ಲ, ಡಾಲರಿನದೂ ಅಲ್ಲ. ಅದೇ ಡಾಲರ್, ಅದೇ ಕಂಪನಿ ಎರಡು ವರ್ಷ ಸತತ ಸೋತಿತ್ತು. ಬ್ರೇಕ್ ಬಿಚ್ಚಿ ಜೋಡಿಸಿದ ರೆಮಿಂಗ್ಟನ್, ಎಂಜಿನ್ ಮುಂದೆ ರಾತ್ರಿ ಕಳೆದ ಎಂಜಿನಿಯರುಗಳು, ದಿನವಿಡೀ ಓಡಿಸಿ ತಪ್ಪು ಹುಡುಕಿದ ಕೆನ್ ಮೈಲ್ಸ್ ಬಂದ ಮೇಲೆ ಕಾರು ನಿಂತಿತು. ದಾಖಲೆಯಲ್ಲಿ 1966ರ ಗೆಲುವಿನ ಸಾಲಿನಲ್ಲಿ ಮೈಲ್ಸ್ ಹೆಸರಿಲ್ಲ. ಮುಂದಿನ ಸಲ ರೀಲ್ಸ್‌ನಲ್ಲಿ ಜಿಟಿ40 ಕಂಡರೆ, ಆ ಹೆಸರನ್ನು ಒಮ್ಮೆ ನೆನೆಯಿರಿ.